ರಿಬ್ಬನ್ ಡಬ್ಬಿಯಲ್ಲಿ ಒಂದು ರೀಲು

ಮೂವತ್ತೆಂಟರ ವಯಸ್ಸಿನಲ್ಲಿ ಕೆಲವರಿಗೆ ಕನ್ನಡಕ ಹತ್ತುತ್ತದೆ, ಕೆಲವರಿಗೆ ಸೊಂಟನೋವು. ಟೈಪಿಂಗ್ ಕಲಿಸುವ ಟೀಚರಮ್ಮನಿಗೆ ಕ್ಯಾಮೆರಾ ಹತ್ತಿತು. ಮದ್ದಿಲ್ಲದ ರೋಗ, ಇಂದಿಗೂ ಗುಣವಾಗಿಲ್ಲ.

ಸೈಕಲ್ ಅಂಗಡಿಯ ಮೇಲಿನ ಮಹಡಿಯೇ ಅವರ ಸಾಮ್ರಾಜ್ಯ. ಮುಂದಿನ ಉದ್ದ ಕೋಣೆಯಲ್ಲಿ ಹನ್ನೆರಡು ಟೈಪ್‌ರೈಟರು, ಒಂದು ಕರಿಹಲಗೆ, ಒಂದು ಗೋಡೆ ಗಡಿಯಾರ. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ನಡುವೆ ಒಂದು ಪರದೆ. ಬೆಳಿಗ್ಗೆ ಏಳಕ್ಕೆ ಹನ್ನೆರಡು ಯಂತ್ರಗಳೂ ಒಟ್ಟಿಗೆ ಕುಟ್ಟತೊಡಗಿದರೆ ಕೆಳಗಿನ ಅಂಗಡಿಯಲ್ಲಿ ನೇತುಹಾಕಿದ ಸೈಕಲ್ಲುಗಳ ಚಕ್ರಗಳೆಲ್ಲ ತಾವಾಗಿಯೇ ತಿರುಗುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಉತ್ಪ್ರೇಕ್ಷೆ. ಹಿಂದಿನ ಚಕ್ರಗಳು ಮಾತ್ರ ತಿರುಗುತ್ತಿದ್ದವು.

ಆ ಸಾಮ್ರಾಜ್ಯದಲ್ಲಿ ಎರಡೇ ಕಾನೂನು. ಒಂದು: ಕೀಲಿಗಳನ್ನು ನೋಡಬಾರದು; ಬೆನ್ನು ನೇರ, ಕಣ್ಣು ಪಾಠದ ಹಾಳೆಯ ಮೇಲೆ. ಎರಡು: ಅಕ್ಷರದ ಮೇಲೆ ಅಕ್ಷರ ಹೊಡೆಯಬಾರದು. "ತಪ್ಪು ಹೊಡೆದ್ಯಾ, ಒಪ್ಕೋ, ಹೊಸ ಹಾಳೆ ತಗೋ. ತಪ್ಪಿನ ಮೇಲೆ ಸರಿ ಹೊಡೆದ್ರೆ ತಪ್ಪೂ ಕಾಣಲ್ಲ, ಸರಿಯೂ ಕಾಣಲ್ಲ. ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ." ಈ ಮಾತನ್ನು ಟೀಚರಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹೇಳುವಾಗ ಅವರ ಕೈಯಲ್ಲಿ ಅಡಿಕೋಲು ಇರುತ್ತಿತ್ತು. ಅದನ್ನು ಯಾರ ಮೇಲೂ ಬೀಸಿದವರಲ್ಲ, ಕೈಯಲ್ಲಿದ್ದರೆ ಸಾಕಾಗುತ್ತಿತ್ತು.

ಅವರ ಗಂಡ ಮೆಕ್ಯಾನಿಕ್. ಊರಿನಲ್ಲಿ ಯಾವ ಟೈಪ್‌ರೈಟರು ಕೆಮ್ಮಿದರೂ ಅದು ಈ ಮನೆಯ ಮೂಲೆಯ ಮೇಜಿಗೇ ಬಂದು ಮಲಗುತ್ತಿತ್ತು. ಚಿನ್ನದಂಥ ಕೈ, ತಾಮ್ರದಂಥ ತಾಳ್ಮೆ, ಆದರೆ ಮಾತಿನ ವಿಷಯದಲ್ಲಿ ಪರಮ ಜಿಪುಣ. ಒಂದು ಮಾತು ಹೆಚ್ಚಾಗಿ ಆಡಿದರೆ ಮಸಿ ಖರ್ಚಾಗುತ್ತದೇನೋ ಎಂಬಂತಿದ್ದರು. ಅವರ ಧರ್ಮವೂ ಒಂದೇ: ಟೈಪ್‌ರೈಟರಿನ ಮಸಿಪಟ್ಟಿ, ಅಂದರೆ ರಿಬ್ಬನ್ನು, ಒಂದು ತುದಿ ಮುಟ್ಟಿತೆಂದು ಅದನ್ನು ಬಿಸಾಡಬಾರದು. ಹಿಂದಕ್ಕೆ ಸುತ್ತು, ಮತ್ತೆ ಹಾಕು. ಮಸಿ ತೀರುವವರೆಗೂ ಓಡಿಸು. ಹೀಗೆ ಸುತ್ತಿಟ್ಟ ರಿಬ್ಬನ್ನುಗಳಿಗೆಂದೇ ಕಪಾಟಿನಲ್ಲಿ ಒಂದು ತಗಡಿನ ಡಬ್ಬಿ ಇತ್ತು. ಮುಂದೆ ನಡೆದ ಮಹಾಭಾರತಕ್ಕೆಲ್ಲ ಆ ಡಬ್ಬಿಯೇ ಕುರುಕ್ಷೇತ್ರ.

ಕ್ಯಾಮೆರಾ ಬಂದದ್ದು ಹೀಗೆ. ಎದುರು ಬೀದಿಯ ಫೋಟೋ ಸ್ಟುಡಿಯೊದ ಯಜಮಾನರು ತಮ್ಮ ಹಳೆಯ ಟೈಪ್‌ರೈಟರನ್ನು ರಿಪೇರಿಗೆ ತಂದಾಗ ಹೆಗಲಲ್ಲಿ ಚರ್ಮದ ಚೀಲದ ಕ್ಯಾಮೆರಾ ತೂಗುತ್ತಿತ್ತು. ಟೀಚರಮ್ಮ ಅದನ್ನು ಸುಮ್ಮನೆ ಕೈಗೆತ್ತಿಕೊಂಡು ಕಣ್ಣಿಗೆ ಹಿಡಿದರು. ಕಿಟಕಿಯಾಚೆ ದಿನವೂ ಇರುವ ಬೀದಿಯೇ. ನೀರಿನ ನಲ್ಲಿ, ಒಣಹಾಕಿದ ಬಟ್ಟೆ, ಗೋಡೆಗೆ ಒರಗಿಸಿದ ಏಣಿ. ಆದರೆ ಆ ಪುಟ್ಟ ಚೌಕದೊಳಗೆ ಬಂದ ಏಣಿ ಒಮ್ಮೆಲೇ ಮುಖ್ಯಸ್ಥನಾಗಿಬಿಟ್ಟಿತ್ತು. ಹದಿನಾರು ವರ್ಷ ಬೇರೆಯವರಿಗೆ "ನೋಡಬೇಡ, ನೋಡಬೇಡ" ಎಂದು ಹೇಳಿಕೊಂಡು ಬಂದ ಹೆಂಗಸಿಗೆ ಯಾರೋ ಮೊದಲ ಬಾರಿ "ನೋಡು" ಅಂದ ಹಾಗಾಯಿತು. ಕ್ಯಾಮೆರಾವನ್ನು ಕೆಳಗಿಡಲು ಕೈ ಬರಲಿಲ್ಲ.

"ಇದನ್ನ ಮಾರ್ಬೇಕು ಅಂತಿದೀನಿ ಟೀಚರಮ್ಮ," ಅಂದರು ಯಜಮಾನರು, ಗಿರಾಕಿಯ ಮುಖ ಓದುವುದರಲ್ಲಿ ಪಳಗಿದವರು. "ಒಂದು ತಿಂಗಳು ಇಟ್ಕೊಂಡು ನೋಡಿ. ಬೇಡ ಅನ್ನಿಸಿದ್ರೆ ವಾಪಸ್ ಕೊಡಿ, ನಾನೇನೂ ಅಂದ್ಕೊಳಲ್ಲ. ಒಂದು ರೀಲು ಒಳಗಿದೆ, ಇನ್ನೊಂದು ಈ ಪೆಟ್ಟಿಗೇಲಿದೆ. ಒಂದೊಂದಕ್ಕೆ ಮೂವತ್ತಾರು ಫೋಟೋ."

ಪರದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಅದು ಅತ್ತೆಯ ಕೆಮ್ಮು. ಅದಕ್ಕೂ ಶೀತಕ್ಕೂ ಸಂಬಂಧವಿರಲಿಲ್ಲ.

ಅತ್ತೆಗೂ ಫೋಟೋಕ್ಕೂ ಎಣ್ಣೆ ಸೀಗೇಕಾಯಿ. ಕಾರಣ ಹನ್ನೊಂದು ವರ್ಷ ಹಳೆಯದು. ಆಗ ಇದೇ ಯಜಮಾನರ ಸ್ಟುಡಿಯೊದಲ್ಲಿ ಕುಟುಂಬದವರೆಲ್ಲ ಸೇರಿ ಒಂದು ಗ್ರೂಪ್ ಫೋಟೋ ತೆಗೆಸಿದ್ದರು. ಅತ್ತೆ ಎರಡನೆಯ ಸಾಲಿನಲ್ಲಿ ನಡುವೆ ಕೂತಿದ್ದರು. ಅವರ ತಂಗಿ, ಅಂದರೆ ಟೀಚರಮ್ಮನಿಗೆ ಚಿಕ್ಕತ್ತೆ, ಮುಂದಿನ ಕುರ್ಚಿಯಲ್ಲಿ. ಸರಿಯಾಗಿ ಕ್ಲಿಕ್ ಎನ್ನುವ ಗಳಿಗೆಯಲ್ಲಿ ಚಿಕ್ಕತ್ತೆ ಬಟ್ಟೆ ಸರಿಮಾಡಿಕೊಳ್ಳಲು ಎದ್ದು ನಿಂತರು. ಫೋಟೋ ಬಂದಾಗ ಹದಿನಾಲ್ಕು ಮುಖಗಳು ಮತ್ತು ಒಂದು ಕಿವಿ ಇತ್ತು. ಆ ಕಿವಿ ಅತ್ತೆಯದು.

"ಬೇಕಂತಲೇ ಎದ್ದೆ ನೀನು," ಅಂದರು ಅತ್ತೆ.

"ಬಟ್ಟೆ ಸಿಕ್ಕಿಹಾಕ್ಕೊಂಡಿತ್ತು," ಅಂದರು ಚಿಕ್ಕತ್ತೆ.

ಇವು ಅಕ್ಕತಂಗಿ ಪರಸ್ಪರ ಆಡಿದ ಕೊನೆಯ ಮಾತುಗಳು. ಚಿಕ್ಕತ್ತೆಯ ಮನೆ ಅದೇ ಬೀದಿಯಲ್ಲಿ, ಎದುರು ಮಹಡಿಯಲ್ಲಿ. ಕಿಟಕಿಗೆ ಕಿಟಕಿ. ಹನ್ನೊಂದು ವರ್ಷಗಳ ಕಾಲ ಇಬ್ಬರೂ ದಿನವೂ ಒಬ್ಬರನ್ನೊಬ್ಬರು ನೋಡುತ್ತ, ನೋಡಲಿಲ್ಲವೆಂದು ತೋರಿಸಿಕೊಳ್ಳುತ್ತ ಬಂದಿದ್ದರು. ಗಡಿ ಕಾಯುವ ಸೈನ್ಯಗಳೂ ಇಷ್ಟು ಶಿಸ್ತಾಗಿ ಇರುವುದಿಲ್ಲ.

ಯಜಮಾನರು ಮೆಟ್ಟಿಲಿಳಿದ ಮೇಲೆ ಅತ್ತೆ ಪರದೆ ಸರಿಸಿ ಬಂದರು.

"ಏನಮ್ಮ ಅದು?"

"ಕ್ಯಾಮೆರಾ, ಅತ್ತೆ."

"ಅದು ಗೊತ್ತು. ನಮ್ಮನೇಲಿ ಅದಕ್ಕೇನು ಕೆಲಸ?"

ಟೀಚರಮ್ಮ ಮೆತ್ತಗೆ, "ನನಗೆ ಬೇಕು ಅನ್ನಿಸ್ತು," ಅಂದರು. ಇದು ಆ ಮನೆಯಲ್ಲಿ ಅವರು ಅಪರೂಪಕ್ಕೆ ಆಡಿದ ಮಾತು. ಆಡಿದವರಿಗೂ ಕೇಳಿದವರಿಗೂ ಹೊಸದು. ಮೂಲೆಯಲ್ಲಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು.

ಅತ್ತೆ ಕುರ್ಚಿಯಲ್ಲಿ ಕೂತು, ನ್ಯಾಯಾಧೀಶರ ಧಾಟಿಯಲ್ಲಿ ತೀರ್ಪು ಕೊಟ್ಟರು. "ಸರಿ. ಒಂದು ರೀಲು ಪೂರ್ತಿ ನನ್ನದೇ ತೆಗಿ. ಮೂವತ್ತಾರರಲ್ಲಿ ಒಂದರಲ್ಲಾದ್ರೂ ನನ್ನ ಮುಖ ಪೂರ್ತಿ ಬರ್ಬೇಕು. ಯಾರು ಅಡ್ಡ ಬಂದ್ರೂ ಬರ್ಬೇಕು. ಬಂದ್ರೆ ಕ್ಯಾಮೆರಾ ಇರ್ಲಿ. ಬರ್ಲಿಲ್ವಾ, ಅದು ಬಂದ ದಾರೀಲೇ ಹೋಗ್ಲಿ."

"ಯಾರೂ ಅಡ್ಡ ಬರಲ್ಲ ಅತ್ತೆ. ನೀವೊಬ್ರೇ ತಾನೆ ಕೂರೋದು."

"ಹಾಗಂತ ಆವತ್ತೂ ಅಂದ್ಕೊಂಡಿದ್ದೆ," ಅಂದರು ಅತ್ತೆ, ಎದುರು ಕಿಟಕಿಯ ಕಡೆ ನೋಡದೆ ನೋಡುತ್ತ.

ಭಾನುವಾರ, ತರಗತಿಗೆ ರಜೆ. ಯುದ್ಧಕ್ಕೆ ವ್ಯೂಹ ಕಟ್ಟುವಂತೆ ಟೀಚರಮ್ಮ ಸಿದ್ಧತೆ ನಡೆಸಿದರು. ಕರಿಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಿಟಕಿಯ ಎದುರಿಗೆ ನಿಲ್ಲಿಸಿದರು. ಅದರ ಮುಂದೆ ಕುರ್ಚಿ. ಕುರ್ಚಿಯ ನಾಲ್ಕು ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಏಳನೆಯ ನಂಬರಿನ ಟೈಪ್‌ರೈಟರಿನ ಮೇಲೆ ಎರಡು ಪಾಠದ ಪುಸ್ತಕ, ಅದರ ಮೇಲೆ ಕ್ಯಾಮೆರಾ. ಅದರ ಸುತ್ತಲೂ ಗೆರೆ. ಟೈಪ್ ಮಾಡುವ ಹಾಳೆಗೆ ಎಡಬಲ ಅಂಚು ಹಾಕಿ ಅಭ್ಯಾಸವಾದವರಿಗೆ ಲೋಕವೆಲ್ಲ ಅಂಚಿನೊಳಗೇ ಇರಬೇಕು.

ಅತ್ತೆ ಕಡುನೀಲಿ ಶಾಲು ಹೊದ್ದು ಬಂದು ಕೂತರು. ಎತ್ತರದ ಆಳು, ನೆಟ್ಟ ಬೆನ್ನು, ಮುಚ್ಚಿದ ತುಟಿ.

"ಸ್ವಲ್ಪ ನಗಿ ಅತ್ತೆ."

"ನಗೋಕೇನಾಗಿದೆ?"

ಒಂದನೆಯದರಿಂದ ಮೂವತ್ತಾರನೆಯದರವರೆಗೂ ಅತ್ತೆ ಒಂದು ರೆಪ್ಪೆಯನ್ನೂ ಸಡಿಲಿಸಲಿಲ್ಲ. ಆ ದಿನ ಟೀಚರಮ್ಮ ತೆಗೆದದ್ದು ಮೂವತ್ತಾರು ಫೋಟೋಗಳಲ್ಲ, ಒಂದೇ ಫೋಟೋವನ್ನು ಮೂವತ್ತಾರು ಸಲ. ಆದರೂ ಪ್ರತಿ ಸಲ ಗುಂಡಿ ಒತ್ತುವಾಗಲೂ ಎದೆ ಹೊಡೆದುಕೊಂಡಿತು. ಆಗಿನ ಕಾಲದ ಫೋಟೋ ಎಂದರೆ ಹಾಗೆ. ತೆಗೆದದ್ದು ಕಾಣುವುದಿಲ್ಲ. ಹಿಟ್ಟು ನಾದಿ ಒಲೆಗಿಟ್ಟು ಮೂರು ದಿನ ಮುಚ್ಚಳ ತೆಗೆಯಬಾರದು ಅಂದ ಹಾಗೆ.

ಮೂವತ್ತಾರು ಮುಗಿದ ಮೇಲೆ ರೀಲು ಹಿಂದಕ್ಕೆ ಸುತ್ತುವ ಪುಟ್ಟ ಹಿಡಿಯನ್ನು ತಿರುಗಿಸುವ ಮರ್ಯಾದೆ ಮೆಕ್ಯಾನಿಕ್‌ಗೆ ಸಂದಿತು. ಕಿವಿಯನ್ನು ಕ್ಯಾಮೆರಾಕ್ಕೆ ಆನಿಸಿ, ವೈದ್ಯರು ಎದೆ ಬಡಿತ ಕೇಳುವಂತೆ ಕೇಳುತ್ತ ಸುತ್ತಿದರು. ರೀಲಿನ ತುದಿ, ಅಂದರೆ ನಾಲಿಗೆ, ಇನ್ನೇನು ಒಳಗೆ ಹೋಗಬೇಕು ಎನ್ನುವಾಗ ನಿಲ್ಲಿಸಿದರು. ನಾಲಿಗೆ ಪೂರ್ತಿ ಒಳಗೆ ಹೋದರೆ ಮತ್ತೆ ಎಳೆಯುವುದು ಕಷ್ಟ. ಯಾವ ಯಂತ್ರದಲ್ಲಾದರೂ ಇದು ಅವರಿಗೆ ಗೊತ್ತಿದ್ದ ಸತ್ಯ. ಟೀಚರಮ್ಮ ಆ ರೀಲನ್ನು ಜೋಪಾನವಾಗಿರಲಿ ಎಂದು ಮನೆಯಲ್ಲೇ ಅತ್ಯಂತ ಜೋಪಾನದ ಜಾಗದಲ್ಲಿ ಇಟ್ಟರು. ಅಂದರೆ ರಿಬ್ಬನ್ ಡಬ್ಬಿಯಲ್ಲಿ.

ಇಷ್ಟೆಲ್ಲ ನಡೆಯುವಾಗ ಎದುರು ಕಿಟಕಿಯಲ್ಲಿ ಚಿಕ್ಕತ್ತೆ ಇದ್ದರು. ಅಕ್ಕ ಕೂತಲ್ಲಿಂದ ಏಳದೆ ಮೂವತ್ತಾರು ಸಲ ಕ್ಲಿಕ್ಕಿಸಿಕೊಂಡಿದ್ದನ್ನು ಒಂದೂ ಬಿಡದೆ ಎಣಿಸಿದ್ದರು. ಮರುದಿನ ಬೆಳಿಗ್ಗೆ, ಅತ್ತೆ ತರಕಾರಿ ತರಲು ಹೋದ ಹೊತ್ತು ನೋಡಿಕೊಂಡು, ಬಿಳಿ ಬಟ್ಟೆ ಉಟ್ಟು, ಪೌಡರ್ ಹಚ್ಚಿ, ಹನ್ನೊಂದು ವರ್ಷಗಳ ನಂತರ ಮೊದಲ ಸಲ ಈ ಮೆಟ್ಟಿಲು ಹತ್ತಿ ಬಂದರು. ಹನ್ನೆರಡು ಯಂತ್ರಗಳೂ ಒಟ್ಟಿಗೆ ನಿಂತವು.

"ಅಕ್ಕನಿಗೆ ಗೊತ್ತಾಗೋದು ಬೇಡ," ಅಂದರು. "ನನ್ನದೂ ಒಂದು ಮೂವತ್ತಾರು ತೆಗೆದುಬಿಡು ಮಗಳೇ."

"ಅಷ್ಟು ಯಾಕೆ ಚಿಕ್ಕತ್ತೆ? ಒಂದೆರಡು ಸಾಲದಾ?"

"ಅವಳಿಗೆ ಮೂವತ್ತಾರು, ನನಗೆ ಎರಡಾ? ಚಿಕ್ಕವಳು ಅಂದ್ರೆ ಎಲ್ರಿಗೂ ಇಷ್ಟೇ."

ಚಿಕ್ಕವಳಿಗೆ ಆಗ ಅರವತ್ತೊಂದು. ಬೇಡ ಅನ್ನಲು ಟೀಚರಮ್ಮನಿಗೆ ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ ಗುಂಡಿ ಒತ್ತಲು ಬೆರಳು ಆಗಲೇ ತುರಿಸುತ್ತಿತ್ತು. ಟೈಪಿಂಗ್ ಕಲಿಯಲು ಬಂದಿದ್ದ ಹುಡುಗಿಯರಿಗೆ ಹೊಸ ಪಾಠ ಹಚ್ಚುತ್ತಲೇ ಗಂಡನ ಕಡೆ ತಿರುಗಿ, "ರೀ, ಕ್ಯಾಮೆರಾಗೆ ರೀಲು ಹಾಕಿಡಿ," ಅಂದರು.

ಮೆಕ್ಯಾನಿಕ್ ಎದ್ದರು. ಹೊಸ ರೀಲು ಕಪಾಟಿನ ಮೇಲಿನ ಅರೆಯಲ್ಲಿ ಪೆಟ್ಟಿಗೆಯೊಳಗಿತ್ತು. ಆದರೆ ಹಿಂದಕ್ಕೆ ಸುತ್ತಿದ್ದು, ನಾಲಿಗೆ ಹೊರಗೆ ಚಾಚಿದ್ದು ಒಂದು ಕಣ್ಣೆದುರಿಗೇ ರಿಬ್ಬನ್ ಡಬ್ಬಿಯಲ್ಲಿ ಇರುವಾಗ ಹೊಸದನ್ನು ಒಡೆಯುವವನು ಮೆಕ್ಯಾನಿಕ್ ಹೇಗಾದಾನು? ನಾಲಿಗೆಯನ್ನು ಸೀಳಿಗೆ ಸಿಕ್ಕಿಸಿ, ಹಲ್ಲಿಗೆ ಹಲ್ಲು ಕೂಡಿಸಿ, ನಿನ್ನೆ ಇದ್ದ ಜಾಗಕ್ಕೆ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಿಸಿ, ಮುಚ್ಚಳ ಹಾಕಿದರು. ಅಷ್ಟು ಅಚ್ಚುಕಟ್ಟಾದ ತಪ್ಪನ್ನು ಆ ಊರಿನಲ್ಲಿ ಇನ್ನೊಬ್ಬರು ಮಾಡಲಾರರು.

ಕುರ್ಚಿ ಅದೇ ಗೆರೆಯೊಳಗೆ, ಕ್ಯಾಮೆರಾ ಅದೇ ಗೆರೆಯೊಳಗೆ. ಚಿಕ್ಕತ್ತೆ ಮಾತ್ರ ಬೇರೆ ಜಾತಿ. ಕುಳ್ಳಗಿನವರು, ಕೂತರೆ ಅಕ್ಕನ ಎದೆಯ ಮಟ್ಟಕ್ಕೆ ಬರುವ ತಲೆ. ಕೆನ್ನೆಗೆ ಕೈ ಇಟ್ಟರು, ತೆಗೆದರು, ನಕ್ಕರು, ನಾಚಿದರು, ಒಮ್ಮೆ ಸೀನಿದರು. ಹುಡುಗಿಯರು ಪಾಠ ಬಿಟ್ಟು ನೋಡಿದರೂ ಟೀಚರಮ್ಮ ಬಯ್ಯಲಿಲ್ಲ, ಅವರೂ ನೋಡುತ್ತಿದ್ದರಲ್ಲ. ಅತ್ತೆ ತರಕಾರಿ ಚೀಲದೊಂದಿಗೆ ಮೆಟ್ಟಿಲು ಹತ್ತುವಷ್ಟರಲ್ಲಿ ಚಿಕ್ಕತ್ತೆ ಹಿಂದಿನ ಬಾಗಿಲಿನಿಂದ ಮಾಯ. ಪೌಡರಿನ ವಾಸನೆ ಮಾತ್ರ ಉಳಿಯಿತು. ಅತ್ತೆ ಮೂಗರಳಿಸಿ, "ಯಾರು ಬಂದಿದ್ರು?" ಅಂದಾಗ ಹನ್ನೆರಡು ಯಂತ್ರಗಳೂ ಭೋರೆಂದು ಕುಟ್ಟತೊಡಗಿದವು.

ಸಂಜೆ ಟೀಚರಮ್ಮ ಕ್ಯಾಮೆರಾದಿಂದ ರೀಲು ತೆಗೆದು, ಇನ್ನೊಂದನ್ನೂ ಜೊತೆಗೆ ಒಯ್ಯೋಣವೆಂದು ಡಬ್ಬಿ ನೋಡಿದರು. ಇರಲಿಲ್ಲ.

"ರೀ, ಡಬ್ಬೀಲಿದ್ದ ಅತ್ತೆ ರೀಲು?"

"ಹಾಕಿದೀನಿ," ಅಂದರು ಮೆಕ್ಯಾನಿಕ್, ತಲೆಯೆತ್ತದೆ.

ಕ್ಯಾಮೆರಾಕ್ಕೆ ಹಾಕಿದ್ದೀನಿ ಎಂದು ಅವರ ಅರ್ಥ. ಸ್ಟುಡಿಯೊದಲ್ಲಿ ತೊಳೆಯೋಕೆ ಹಾಕಿದ್ದಾರೆ ಎಂದು ಇವರು ತಿಳಿದರು. ಇನ್ನೊಂದೇ ಒಂದು ಮಾತು ಖರ್ಚು ಮಾಡಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ಕೈಯಲ್ಲಿದ್ದ ಒಂದೇ ರೀಲನ್ನು ಟೀಚರಮ್ಮ ಸ್ಟುಡಿಯೊಗೆ ಕೊಟ್ಟು ಬಂದರು.

ಮೂರನೆಯ ದಿನ ಸ್ಟುಡಿಯೊದ ಯಜಮಾನರು ಒಂದು ಲಕೋಟೆಯನ್ನು ಗಾಜಿನ ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡರು.

"ಟೀಚರಮ್ಮ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮನೇಲಿ ದೆವ್ವ ಏನಾದ್ರೂ ಇದೆಯಾ?"

"ಯಾಕೆ?"

"ಇದೆ ಅಂತಾದ್ರೆ ಅದು ನಿಮ್ಮ ಚಿಕ್ಕತ್ತೆ ಥರಾನೇ ಇದೆ."

ಟೀಚರಮ್ಮ ಲಕೋಟೆ ಬಿಚ್ಚಿ ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಹರಡಿದರು. ಒಂದು ಕುರ್ಚಿ, ಇಬ್ಬರು ಹೆಂಗಸರು. ಒಬ್ಬರೊಳಗೊಬ್ಬರು. ನಾಲ್ಕು ಕೈ. ಒಂದರಲ್ಲಿ ಅತ್ತೆಯ ಎದೆಯೊಳಗಿಂದ ಚಿಕ್ಕತ್ತೆ ಸೀನುತ್ತಿದ್ದರು.

"ಇನ್ನೊಂದು ರೀಲು ಎಲ್ಲಿ? ನಮ್ಮನೆಯವರು ಕೊಟ್ಟಿದ್ದು?"

"ಅವ್ರು ಇಲ್ಲಿಗೆ ಬಂದೇ ಇಲ್ವಲ್ಲ. ಒಂದೇ ರೀಲಿಗೆ ಎರಡು ಸಲ ತೆಗ್ದಿದೀರಿ. ಫೋಟೋದ ಮೇಲೆ ಫೋಟೋ."

ಫೋಟೋದ ಮೇಲೆ ಫೋಟೋ. ಅಕ್ಷರದ ಮೇಲೆ ಅಕ್ಷರ. ಹದಿನಾರು ವರ್ಷ ಊರಿನ ಮಕ್ಕಳಿಗೆಲ್ಲ ಬೋಧಿಸಿದ ಮಹಾಪಾಪ, ಮೂವತ್ತಾರು ಪ್ರತಿಗಳಲ್ಲಿ, ಹೊಳೆಯುವ ಕಾಗದದ ಮೇಲೆ.

ಮನೆಗೆ ಬಂದು ಗಂಡನ ಮುಂದೆ ಲಕೋಟೆ ಸುರಿದರು. ಮೆಕ್ಯಾನಿಕ್ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಎದ್ದು ಹೋಗಿ ಮೇಲಿನ ಅರೆಯಿಂದ ಇನ್ನೂ ಒಡೆಯದ ಹೊಸ ರೀಲಿನ ಪೆಟ್ಟಿಗೆ ತಂದಿಟ್ಟರು. ಆಮೇಲೆ ಆ ವರ್ಷದ ಅತಿ ದೀರ್ಘ ಭಾಷಣ ಮಾಡಿದರು.

"ಸುತ್ತಿದ್ಮೇಲೆ ಮತ್ತೆ ಹಾಕೋದೇ ಅಂದ್ಕೊಂಡೆ. ರಿಬ್ಬನ್ ಥರ. ಅಮ್ಮನಿಗೆ ನಾನೇ ಹೇಳ್ತೀನಿ. ತಪ್ಪು ನಂದು."

ಟೀಚರಮ್ಮನಿಗೆ ಅಳುವಷ್ಟು ಸಿಟ್ಟು ಬಂದಿತ್ತು. ಆದರೆ ಎಣ್ಣೆಗೈ ಒರೆಸಿಕೊಳ್ಳುತ್ತ ನಿಂತ ಆ ಮನುಷ್ಯನನ್ನು ನೋಡಿ ಸಿಟ್ಟು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತು. "ಬೇಡ," ಅಂದರು. "ತೆಗೆದೋಳು ನಾನು. ನಾನೇ ತೋರಿಸ್ತೀನಿ. ಇನ್ನೇನು, ಬಂದ ದಾರೀಲಿ ಹೋಗುತ್ತೆ ಅಷ್ಟೇ." ಕ್ಯಾಮೆರಾವನ್ನು ಚರ್ಮದ ಚೀಲಕ್ಕೆ ತುಂಬಿ, ಪಟ್ಟಿ ಬಿಗಿದು, ಬಾಗಿಲ ಬಳಿಯ ಗೂಟಕ್ಕೆ ನೇತುಹಾಕಿದರು.

ಅಷ್ಟರಲ್ಲಿ ಅತ್ತೆ ಪರದೆ ಸರಿಸಿ ಬಂದೇಬಿಟ್ಟರು. ತೋರಿಸುವ ಮಾತೇ ಬರಲಿಲ್ಲ. ಮೇಜಿನ ತುಂಬ ಫೋಟೋಗಳು ಹರಡಿದ್ದವು. ಅತ್ತೆ ಕನ್ನಡಕ ಹಾಕಿಕೊಂಡರು. ಮೊದಲನೆಯದು ನೋಡಿದರು. ಎರಡನೆಯದು. ಐದನೆಯದು. ಮುಖ ಅದೇ ಕಲ್ಲು.

"ಇವಳು ಇಲ್ಲಿಗೆ ಬಂದಿದ್ಲಾ?"

"ಹೌದು ಅತ್ತೆ. ಸೋಮವಾರ."

"ಪೌಡರ್ ವಾಸನೆ ಬಂದಾಗಲೇ ಅಂದ್ಕೊಂಡೆ."

ಇಪ್ಪತ್ಮೂರನೆಯ ಫೋಟೋಕ್ಕೆ ಬಂದಾಗ ಅತ್ತೆಯ ಕೈ ನಿಂತಿತು. ಅದೊಂದರಲ್ಲಿ ಚಿಕ್ಕತ್ತೆ ಮಿಸುಕಾಡದೆ, ನೇರ ನೋಡುತ್ತ, ಸಣ್ಣಗೆ ನಗುತ್ತ ಕೂತಿದ್ದರು. ಹಿಂದೆ ಕರಿಹಲಗೆಯ ಕಪ್ಪು. ಮೇಲೆ ಅತ್ತೆಯ ಮುಖ, ಹುಬ್ಬಿನ ಒಂದೊಂದು ಕೂದಲೂ ಎಣಿಸುವಂತೆ ಸ್ವಚ್ಛವಾಗಿ. ಕೆಳಗೆ ಕಡುನೀಲಿ ಶಾಲಿನ ಮೇಲೆ, ಅಕ್ಕನ ಮಡಿಲಲ್ಲಿ ಕೂತವರ ಹಾಗೆ, ತಂಗಿಯ ಮುಖ. ಶಾಲಿನ ಮೇಲೆ ಕಸೂತಿ ಹಾಕಿದಷ್ಟು ಸ್ಪಷ್ಟ.

ಅತ್ತೆ ಆ ಫೋಟೋವನ್ನು ಹಿಡಿದು ಸೀದಾ ಕಿಟಕಿಗೆ ಹೋದರು. ಎದುರು ಕಿಟಕಿಯಲ್ಲಿ ಚಿಕ್ಕತ್ತೆ ಎಂದಿನಂತೆ ಇಲ್ಲದವರ ಹಾಗೆ ನಿಂತಿದ್ದರು.

"ಏಯ್," ಅಂದರು ಅತ್ತೆ.

ಕೆಳಗೆ ಸೈಕಲ್ ಅಂಗಡಿಯವನು ಗಾಳಿ ಹೊಡೆಯುವುದನ್ನು ನಿಲ್ಲಿಸಿದ.

"ಏಯ್, ನಿನಗೇ ಕಣೇ. ಈ ಸಲಾನೂ ಅಡ್ಡ ಬಂದಿದೀಯ."

ಚಿಕ್ಕತ್ತೆ ಗಾಬರಿಯಾಗಿ, "ನಾನೆಲ್ಲಿ ಬಂದೆ ಅಕ್ಕ? ನೀನು ತರಕಾರಿಗೆ ಹೋಗಿದ್ಯಲ್ಲ," ಅಂದುಬಿಟ್ಟರು.

"ಸರಿಯಾಗಿ ನನ್ನ ಮುಂದೆನೇ ಕೂತಿದೀಯ. ಆದ್ರೂ ನೋಡು, ಈ ಸಲ ನೀನು ಎಷ್ಟು ಅಡ್ಡ ಕೂತ್ರೂ ನಾನು ಪೂರ್ತಿ ಕಾಣ್ತಿದೀನಿ."

"ನಾನು?"

"ನೀನೂ ಕಾಣ್ತೀಯ. ಮಡಿಲಲ್ಲಿ ಕೂತಿದೀಯ, ನಾಚಿಕೆ ಇಲ್ದೋಳು, ಮೂರು ವರ್ಷದ ಕೂಸಿನ ಹಾಗೆ."

"ಆಗ ನೀನೇ ಕೂರಿಸ್ಕೋತಿದ್ದೆ."

"ಕೆಳಗಿಳಿಸಿದ್ರೆ ಅರಚ್ತಿದ್ಯಲ್ಲ, ಅದಕ್ಕೆ. ಬಾ, ಬಂದು ನೋಡು. ಕಿಟಕಿಯಿಂದ ಏನು ಕಾಣುತ್ತೆ ನಿನಗೆ."

ಚಿಕ್ಕತ್ತೆ ಮೆಟ್ಟಿಲಿಳಿದು, ಬೀದಿ ದಾಟಿ, ಈ ಮೆಟ್ಟಿಲು ಹತ್ತುವವರೆಗೆ ಅತ್ತೆ ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲೆ ಇಬ್ಬರೂ ಮೇಜಿನ ಮುಂದೆ ಕೂತು ಮೂವತ್ತಾರನ್ನೂ ನೋಡಿದರು. ಸೀನಿದ ಫೋಟೋ ಬಂದಾಗ ಚಿಕ್ಕತ್ತೆ ಅದನ್ನು ಕಿತ್ತುಕೊಳ್ಳಲು ಹೋದರು, ಅತ್ತೆ ಕೊಡಲಿಲ್ಲ. ಹನ್ನೊಂದು ವರ್ಷಗಳ ಜಗಳದ ಬಾಕಿಯನ್ನೆಲ್ಲ ಆ ಒಂದು ಸಂಜೆಯಲ್ಲಿ ಆಡಿ ಮುಗಿಸುವಂತಿತ್ತು. ಎರಡು ಸಲ ಚಹಾ ಆಯಿತು.

ಟೀಚರಮ್ಮ ಗೋಡೆಗೆ ಒರಗಿ ನಿಂತಿದ್ದರು. ಕೊನೆಗೆ ಧೈರ್ಯ ಮಾಡಿ ಕೇಳಿದರು. "ಅತ್ತೆ, ಕ್ಯಾಮೆರಾ?"

ಅತ್ತೆ ಗೂಟದ ಕಡೆ ನೋಡಿದರು. "ಅದ್ಯಾಕೆ ಬಾಗಿಲ ಹತ್ರ ನೇತಾಡ್ತಿದೆ? ಒಳಗಿಡು, ಯಾರಾದ್ರೂ ಎತ್ಕೊಂಡು ಹೋದಾರು." ಇಪ್ಪತ್ಮೂರನೆಯ ಫೋಟೋ ಎತ್ತಿ ಹಿಡಿದು, "ನಾನೇನು ಹೇಳಿದ್ದೆ? ಯಾರು ಅಡ್ಡ ಬಂದ್ರೂ ಮುಖ ಬರ್ಬೇಕು ಅಂತ ತಾನೆ? ಬಂದಿದೆ."

"ಇದು ಹೇಗೆ ತೆಗೆದ್ಯೇ ಮಗಳೇ?" ಅಂದರು ಚಿಕ್ಕತ್ತೆ.

ಟೀಚರಮ್ಮ ಗಂಡನ ಕಡೆ ನೋಡಿದರು. ಮೆಕ್ಯಾನಿಕ್ ಬಾಯಿ ತೆರೆದರು, ಸತ್ಯ ಹೇಳಲು. ಟೀಚರಮ್ಮ ಅಡಿಕೋಲು ಎತ್ತಿಕೊಂಡರು. ಬಾಯಿ ಮುಚ್ಚಿತು.

"ಅದೊಂದು ವಿಶೇಷ ವಿಧಾನ ಚಿಕ್ಕತ್ತೆ," ಅಂದರು ಟೀಚರಮ್ಮ. "ಎಲ್ರಿಗೂ ಬರಲ್ಲ."

ಆ ಸುಳ್ಳಿಗೆ ತಕ್ಕ ಶಿಕ್ಷೆಯೂ ಆಯಿತು. ವಾರದೊಳಗೆ ಬೀದಿಯವರೆಲ್ಲ ಬಂದು, ನಮಗೂ ಅದೇ ವಿಶೇಷ ವಿಧಾನದಲ್ಲಿ ತೆಗೆಯಿರಿ ಎಂದು ಸಾಲು ನಿಂತರು. ಸೈಕಲ್ ಅಂಗಡಿಯವನು ತಾನೂ ತನ್ನ ಭಾವಮೈದುನನೂ ಒಂದೇ ಸೈಕಲ್ಲಿನ ಮೇಲೆ ಇರಬೇಕೆಂದ. ಟೀಚರಮ್ಮ ಇಡೀ ಹೊಸ ರೀಲನ್ನು ಬೇಕಂತಲೇ ಎರಡು ಸಲ ಓಡಿಸಿದರು. ಒಂದೂ ಸರಿಬರಲಿಲ್ಲ. ಒಬ್ಬರ ಮೂಗಿನ ಮೇಲೆ ಇನ್ನೊಬ್ಬರ ಮಂಡಿ. ಸ್ಟುಡಿಯೊದ ಯಜಮಾನರು ಲಕೋಟೆ ಕೊಡುತ್ತ, "ದೆವ್ವಕ್ಕೆ ಮೈ ಹುಷಾರಿಲ್ವೇನೋ," ಅಂದರು.

ಈಗ ಟೈಪ್‌ರೈಟರುಗಳು ಹೋಗಿವೆ. ಟೀಚರಮ್ಮನ ಕೈಯಲ್ಲಿ ಫೋನಿದೆ. ಅದರಲ್ಲಿ ಎಷ್ಟು ಫೋಟೋ ತೆಗೆದರೂ ಮುಗಿಯುವುದಿಲ್ಲ. ಆದರೂ ಪ್ರತಿ ಸಲ ಗುಂಡಿ ಒತ್ತುವ ಮುನ್ನ, "ಇನ್ನೆಷ್ಟು ಉಳಿದಿದೆ?" ಎಂದು ಕೇಳುತ್ತಾರೆ. ಮೂಲೆಯಿಂದ ಮೆಕ್ಯಾನಿಕ್, ತಲೆಯೆತ್ತದೆ, "ಹದಿಮೂರು," ಅನ್ನುತ್ತಾರೆ. ಯಾವಾಗ ಕೇಳಿದರೂ ಹದಿಮೂರೇ. ಮೂವತ್ತಾರರಲ್ಲಿ ಆ ಇಪ್ಪತ್ಮೂರನೆಯದು ತೆಗೆದಾದ ಮೇಲೆ ಉಳಿಯುವುದು ಅಷ್ಟೇ ತಾನೆ.